ಸೂರ್ಯ ಸಿಡಿದಾಗ ಕಣಗಳಿಗೆ ಅಷ್ಟು ವೇಗ ಎಲ್ಲಿಂದ ಬರುತ್ತದೆ?

(ಕಾಸರಗೋಡಿನಲ್ಲಿ ಹೈಸ್ಕೂಲು ಮಕ್ಕಳು, ಅಧ್ಯಾಪಕರು ಮತ್ತು ಊರವರ ಮುಂದೆ ಆಡಿದ ಮಾತುಗಳ ಬರಹ ರೂಪ)

2019ರ ಡಿಸೆಂಬರ್ 26 ಇಲ್ಲಿರುವ ಹಿರಿಯರಿಗೆ ನೆನಪಿರಬಹುದು. ಕಂಕಣ ಸೂರ್ಯಗ್ರಹಣದ ಹಾದಿ ಆ ದಿನ ಬೆಳಿಗ್ಗೆ ನಮ್ಮ ಜಿಲ್ಲೆಯ ಮೇಲೆಯೇ ಹಾದುಹೋಯಿತು. ನೋಡಲಿಕ್ಕೆಂದು ಚೆರುವತ್ತೂರಿಗೆ ದೂರದೂರದಿಂದ ಜನ ಬಂದಿದ್ದರು. ಒಂಬತ್ತೂವರೆಯ ಹೊತ್ತಿಗೆ ಚಂದ್ರ ಸೂರ್ಯನ ನಡುವಿಗೆ ಬಂದು ಕೂತ, ಸುತ್ತ ಉರಿಯುವ ಬಳೆ ಮಾತ್ರ ಉಳಿಯಿತು.

ಆ ಬಳೆ ಸೂರ್ಯನ ಮೇಲ್ಮೈಯ ಅಂಚು. ಅದರಾಚೆಗೆ ಸೂರ್ಯನ ಸುತ್ತ ಲಕ್ಷಾಂತರ ಕಿಲೋಮೀಟರ್ ಹಬ್ಬಿರುವ ಕರೋನಾ ಎಂಬ ತೆಳುವಾದ ಹೊದಿಕೆ ಉಂಟು. ಆ ದಿನ ಅದು ನಮಗೆ ಕಾಣಲಿಲ್ಲ. ಬಳೆಯಷ್ಟು ಬೆಳಕು ಉಳಿದರೂ ಸಾಕು, ಕರೋನಾ ಕಣ್ಣಿಗೆ ಬೀಳುವುದಿಲ್ಲ. ಅದು ಕಾಣಬೇಕಾದರೆ ಪೂರ್ಣ ಗ್ರಹಣವೇ ಆಗಬೇಕು, 1980ರ ಫೆಬ್ರವರಿ 16ರಂದು ಅಂಕೋಲಾ, ರಾಯಚೂರು ಕಡೆ ಆದ ಹಾಗೆ. ಇವತ್ತು ನಾನು ಹೇಳಬೇಕೆಂದಿರುವುದೆಲ್ಲ ನಡೆಯುವುದು ಆ ಕರೋನಾದಲ್ಲಿ, ಮತ್ತೆ ಅಲ್ಲಿಂದ ನಮ್ಮವರೆಗಿನ 15 ಕೋಟಿ ಕಿಲೋಮೀಟರ್ ದಾರಿಯಲ್ಲಿ.

ಸೂರ್ಯನ ಮೇಲ್ಮೈಯ ಬಿಸಿ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಅದರ ಮೇಲಿನ ಕರೋನಾದ ಬಿಸಿ 10 ಲಕ್ಷ ಡಿಗ್ರಿಗೂ ಜಾಸ್ತಿ. ದೂರ ಹೋದ ಹಾಗೆ ತಣ್ಣಗಾಗುವ ಬದಲು ಬಿಸಿ ಏರುತ್ತದೆ! ಯಾಕೆ ಹೀಗೆ ಎಂದು ಕೇಳಿದರೆ ಅದಕ್ಕೇ ಇನ್ನೊಂದು ದಿನ ಬೇಕು. ಸದ್ಯಕ್ಕೆ ನಮಗೆ ಬೇಕಾದ್ದು ಇಷ್ಟು: ಅಷ್ಟು ಬಿಸಿಯಲ್ಲಿ ಪರಮಾಣು ಇಡಿಯಾಗಿ ಉಳಿಯುವುದಿಲ್ಲ. ಎಲೆಕ್ಟ್ರಾನ್ ಬೇರೆ, ಪ್ರೋಟಾನ್ ಬೇರೆ ಆಗಿ ತಿರುಗುತ್ತವೆ. ಎರಡಕ್ಕೂ ವಿದ್ಯುತ್ ಚಾರ್ಜ್ ಉಂಟು. ಚಾರ್ಜ್ ಇರುವ ಕಣ ಕಾಂತಕ್ಷೇತ್ರದ ಮಾತು ಕೇಳಲೇಬೇಕು. ಬಲರೇಖೆಯ ಸುತ್ತ ಸುತ್ತುತ್ತಾ ಅದರ ಉದ್ದಕ್ಕೆ ಎಷ್ಟು ದೂರ ಬೇಕಾದರೂ ಹೋಗಬಹುದು. ಅದನ್ನು ಅಡ್ಡ ದಾಟುವುದು ಮಾತ್ರ ಕಷ್ಟ. ಮಕ್ಕಳೇ, ಈ ಒಂದು ಮಾತು ಮನಸ್ಸಿನಲ್ಲಿಟ್ಟುಕೊಳ್ಳಿ. ಮುಂದೆ ಮೂರು ನಾಲ್ಕು ಕಡೆ ಇದೇ ಬೇಕಾಗುತ್ತದೆ.

ಸೂರ್ಯನಲ್ಲಿ ಸ್ಫೋಟ ಆಯಿತು ಅಂದ ಕೂಡಲೇ ಟಿವಿಯಲ್ಲಿ "ಸೌರ ಬಿರುಗಾಳಿ" ಎಂದು ದೊಡ್ಡಕ್ಷರದಲ್ಲಿ ಬರುತ್ತದೆ. ಮೂರು ಬೇರೆ ಬೇರೆ ಸಂಗತಿಗಳನ್ನು ಅದರಲ್ಲಿ ಒಂದೇ ಮಾಡಿಬಿಡುತ್ತಾರೆ. ನನಗೆ ಇದು ನಿಜಕ್ಕೂ ಬೇಸರ ತರುವ ವಿಷಯ. ಮೂರನ್ನೂ ಬಿಡಿಸಿ ನೋಡದಿದ್ದರೆ ಈ ವಿಷಯ ಅರ್ಥವೇ ಆಗುವುದಿಲ್ಲ.

ಮೊದಲು ಬರುವುದು ಬೆಳಕು, ಅದರ ಜೊತೆಗೆ ಎಕ್ಸ್‌ರೇ. ಇವಕ್ಕೆ ಬೇಕಾಗುವುದು 8 ನಿಮಿಷ 20 ಸೆಕೆಂಡ್. ಕೊನೆಗೆ ಬರುವುದು ಮೋಡ. ಕರೋನಾದ ಒಂದು ದೊಡ್ಡ ತುಂಡೇ ತನ್ನ ಕಾಂತಕ್ಷೇತ್ರ ಸಮೇತ ಕಿತ್ತುಕೊಂಡು ಹೊರಗೆ ಹಾರುತ್ತದೆ. ತೂಕದಲ್ಲಿ ನೂರು ಕೋಟಿ ಟನ್ನಿನಷ್ಟಿರಬಹುದು. ವಿಜ್ಞಾನಿಗಳು ಇದಕ್ಕೆ ಕರೋನಲ್ ಮಾಸ್ ಎಜೆಕ್ಷನ್ ಅನ್ನುತ್ತಾರೆ, ಚಿಕ್ಕದಾಗಿ ಸಿಎಂಇ. ಇದು ಭೂಮಿ ತಲುಪಲು ಸಾಮಾನ್ಯವಾಗಿ ಒಂದರಿಂದ ಮೂರು ದಿನ. 2024ರ ಮೇ 10 ಮತ್ತು 11ರಂದು ಲಡಾಖ್‌ನ ಹಾನ್ಲೆಯಲ್ಲಿ ಆಕಾಶ ಕೆಂಪಾಗಿ ಕಂಡಿತಲ್ಲ, ಅದು ಇಂಥ ಮೋಡಗಳು ಒಂದರ ಹಿಂದೆ ಒಂದು ಬಂದು ಭೂಮಿಯ ಕಾಂತಕ್ಷೇತ್ರವನ್ನು ಅಲುಗಾಡಿಸಿದ್ದರಿಂದ.

ಈ ಎರಡರ ನಡುವೆ ಬರುವುದೇ ಇವತ್ತಿನ ನಮ್ಮ ವಿಷಯ: ಕಣಗಳು. ಪ್ರೋಟಾನ್, ಎಲೆಕ್ಟ್ರಾನ್, ಸ್ವಲ್ಪ ಹೀಲಿಯಂ, ಇನ್ನೂ ಸ್ವಲ್ಪ ಕಬ್ಬಿಣದವರೆಗಿನ ಭಾರದ ಪರಮಾಣುಗಳ ತಿರುಳುಗಳು. ಇವು ಕೆಲವೊಮ್ಮೆ ಬೆಳಕು ಬಂದ ಮೂರ್ನಾಲ್ಕು ನಿಮಿಷಕ್ಕೇ ಬಂದು ಮುಟ್ಟುತ್ತವೆ. ಬೆಳಕನ್ನು ನೋಡಿ ಎಚ್ಚರಿಕೆ ಕೊಡೋಣ ಅಂದರೆ ಸಮಯವೇ ಇಲ್ಲ.

ಇದು ಎಷ್ಟು ಆಶ್ಚರ್ಯದ ಸಂಗತಿ ಎಂಬುದಕ್ಕೆ ಒಂದು ಲೆಕ್ಕ ಹೇಳುತ್ತೇನೆ. ಸೂರ್ಯನಿಂದ ಯಾವಾಗಲೂ ಒಂದು ಗಾಳಿ ಬೀಸುತ್ತಲೇ ಇರುತ್ತದೆ, ಸೌರಮಾರುತ. ಅದರಲ್ಲಿರುವ ಪ್ರೋಟಾನಿನ ವೇಗ ಸೆಕೆಂಡಿಗೆ ಸುಮಾರು 400 ಕಿಲೋಮೀಟರ್. ಅದರ ಶಕ್ತಿ ಹತ್ತಿರ ಹತ್ತಿರ ಒಂದು ಸಾವಿರ ಎಲೆಕ್ಟ್ರಾನ್ ವೋಲ್ಟ್ (ಕಣಗಳ ಶಕ್ತಿಯನ್ನು ಅಳೆಯುವ ಮಾನ ಇದು). ದೊಡ್ಡ ಸ್ಫೋಟದಲ್ಲಿ ಬರುವ ಪ್ರೋಟಾನಿನ ಶಕ್ತಿ 100 ಕೋಟಿ ಎಲೆಕ್ಟ್ರಾನ್ ವೋಲ್ಟ್, ಅಂದರೆ ಒಂದು ಗಿಗಾ ಎಲೆಕ್ಟ್ರಾನ್ ವೋಲ್ಟ್ ದಾಟುವುದುಂಟು. 10 ಲಕ್ಷ ಪಟ್ಟು ಜಾಸ್ತಿ! ವೇಗ ಸೆಕೆಂಡಿಗೆ 2,60,000 ಕಿಲೋಮೀಟರ್, ಬೆಳಕಿನ ವೇಗದ ಹತ್ತಿರ ಹತ್ತಿರ ಶೇಕಡಾ 88. ಅದೇ ಪ್ರೋಟಾನ್, ಅದೇ ಸೂರ್ಯ. ಇಷ್ಟು ವೇಗ ಇದಕ್ಕೆ ಎಲ್ಲಿ ಸಿಕ್ಕಿತು?

ಮೊದಲು ಸ್ಫೋಟ ಹೇಗೆ ಆಗುತ್ತದೆ ನೋಡೋಣ. ಸೂರ್ಯನ ಒಳಗೆ ಹುಟ್ಟುವ ಕಾಂತಕ್ಷೇತ್ರ ಅಲ್ಲಲ್ಲಿ ಮೇಲ್ಮೈಯನ್ನು ಸೀಳಿಕೊಂಡು ಹೊರಬರುತ್ತದೆ. ಅಲ್ಲಿ ಸೌರಕಲೆಗಳು ಕಾಣುತ್ತವೆ. ಕೊಡೈಕನಾಲಿನ ವೀಕ್ಷಣಾಲಯದಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಇವುಗಳ ಚಿತ್ರ ತೆಗೆದಿಟ್ಟಿದ್ದಾರೆ. ಇಡೀ ಜಗತ್ತಿನಲ್ಲಿ ಇಷ್ಟು ಉದ್ದದ ದಾಖಲೆ ಇರುವ ಜಾಗಗಳು ತುಂಬ ಕಡಿಮೆ. ಮೇಲ್ಮೈ ಸುಮ್ನೆ ಇರುವುದಿಲ್ಲ, ಕುದಿಯುತ್ತಾ ಸರಿಯುತ್ತಾ ಇರುತ್ತದೆ. ಬಲರೇಖೆಗಳ ಬುಡ ಸರಿದ ಹಾಗೆ ಅವು ತಿರುಚಿಕೊಳ್ಳುತ್ತವೆ, ಅವುಗಳಲ್ಲಿ ಶಕ್ತಿ ಸೇರುತ್ತಾ ಹೋಗುತ್ತದೆ. ಎದುರುಬದುರು ದಿಕ್ಕಿನ ಬಲರೇಖೆಗಳು ತೀರಾ ಹತ್ತಿರ ಬಂದಾಗ ಕಡಿದುಕೊಂಡು ಬೇರೆ ರೀತಿಯಲ್ಲಿ ಕೂಡಿಕೊಳ್ಳುತ್ತವೆ. ದಿನಗಟ್ಟಲೆ ಸೇರಿಟ್ಟ ಶಕ್ತಿ ನಿಮಿಷಗಳಲ್ಲಿ ಹೊರಬೀಳುತ್ತದೆ. ಅದರಲ್ಲಿ ಒಂದು ಪಾಲು ಬೆಳಕು, ಎಕ್ಸ್‌ರೇ ಆಗುತ್ತದೆ. ಇದು ಸೌರ ಜ್ವಾಲೆ. ಇನ್ನೊಂದು ಪಾಲು ಮೋಡವನ್ನು ಹೊರಕ್ಕೆ ದೂಡುತ್ತದೆ.

ಸೌರ ಜ್ವಾಲೆಯನ್ನು ಮನುಷ್ಯ ಮೊದಲು ಕಂಡು ಬರೆದಿಟ್ಟದ್ದು 1859ರ ಸೆಪ್ಟೆಂಬರ್ 1ರಂದು. ಇಂಗ್ಲೆಂಡಿನ ರಿಚರ್ಡ್ ಕ್ಯಾರಿಂಗ್ಟನ್ ಸೌರಕಲೆಗಳ ಚಿತ್ರ ಬರೆಯುತ್ತಿದ್ದಾಗ ಎರಡು ಕಡೆ ಕಣ್ಣು ಕೋರೈಸುವ ಬೆಳಕು ಕಂಡಿತು. ಹದಿನೇಳೂವರೆ ಗಂಟೆ ಚಿಲ್ಲರೆಯ ನಂತರ ಮೋಡ ಬಂದು ಭೂಮಿಗೆ ಅಪ್ಪಳಿಸಿತು. ಟೆಲಿಗ್ರಾಫ್ ತಂತಿಗಳಲ್ಲಿ ತಾನಾಗಿಯೇ ಕರೆಂಟ್ ಹರಿಯಿತು. ನಮಗೆ ಹೆಮ್ಮೆಯ ವಿಷಯ ಏನೆಂದರೆ, ಆ ಬಿರುಗಾಳಿಯ ಜೋರು ಎಷ್ಟಿತ್ತು ಎಂದು ಇವತ್ತು ಲೆಕ್ಕ ಹಾಕುವಾಗ ಜಗತ್ತು ಮುಖ್ಯವಾಗಿ ನೋಡುವುದು ಮುಂಬಯಿಯ ಕೊಲಾಬಾ ವೀಕ್ಷಣಾಲಯದ ದಾಖಲೆಯನ್ನು. ಭೂಮಿಯ ಕಾಂತಕ್ಷೇತ್ರ ಅಲ್ಲಿ ಸುಮಾರು 1,600 ನ್ಯಾನೊಟೆಸ್ಲಾ ಕುಸಿದಿತ್ತು. ಆದರೆ ಗಮನಿಸಿ, ಅವರು ಕಂಡದ್ದು ಮೊದಲ ಅತಿಥಿ ಬೆಳಕನ್ನು ಮತ್ತು ಮೂರನೆಯ ಅತಿಥಿ ಮೋಡವನ್ನು. ನಡುವೆ ಬಂದ ಕಣಗಳನ್ನು ಅಳೆಯುವ ಸಾಧನ ಆಗ ಯಾರ ಹತ್ತಿರವೂ ಇರಲಿಲ್ಲ.

ಕಣಗಳು ಸಿಕ್ಕಿಬಿದ್ದದ್ದು 1942ರಲ್ಲಿ. ಅಮೆರಿಕದ ಸ್ಕಾಟ್ ಫೋರ್ಬುಷ್ ಬೇರೆ ಬೇರೆ ದೇಶಗಳಲ್ಲಿ ಕಾಸ್ಮಿಕ್ ಕಿರಣ, ಅಂದರೆ ಬಾಹ್ಯಾಕಾಶದಿಂದ ಬರುವ ವೇಗದ ಕಣಗಳನ್ನು ಅಳೆಯುವ ಪೆಟ್ಟಿಗೆಗಳನ್ನು ವರ್ಷಗಟ್ಟಲೆ ನಡೆಸುತ್ತಿದ್ದರು. 1942ರ ಫೆಬ್ರವರಿ 28 ಮತ್ತು ಮಾರ್ಚ್ 7ರಂದು ಅಳತೆ ಇದ್ದಕ್ಕಿದ್ದ ಹಾಗೆ ಏರಿತು. 1946ರ ಜುಲೈ 25ರಂದು ಮತ್ತೆ ಏರಿತು. ಮೂರು ಸಲವೂ ಸೂರ್ಯನಲ್ಲಿ ಗಲಾಟೆ ನಡೆದಿತ್ತು. ಕಣಗಳು ಸೂರ್ಯನಿಂದಲೇ ಬಂದಿರಬೇಕು ಎಂದು ಫೋರ್ಬುಷ್ ಬರೆದರು. ಅವರಿಗೆ ಇನ್ನೊಂದು ಸುಳಿವೂ ಸಿಕ್ಕಿತ್ತು. ಗ್ರೀನ್‌ಲ್ಯಾಂಡಿನ ಪೆಟ್ಟಿಗೆಯಲ್ಲಿ ಏರಿಕೆ ಕಂಡಿತು, ಪೆರುವಿನ ಹುವಾಂಕಾಯೊದಲ್ಲಿ ಕಾಣಲಿಲ್ಲ. ಹುವಾಂಕಾಯೊ ಇರುವುದು ಭೂಮಿಯ ಕಾಂತೀಯ ಸಮಭಾಜಕದ ಪಕ್ಕದಲ್ಲಿ. ಅಲ್ಲಿಗೆ ಬರಬೇಕಾದರೆ ಬಲರೇಖೆಗಳನ್ನು ಅಡ್ಡ ದಾಟಬೇಕು. ಹಾಗಾಗಿ ಬಂದದ್ದು ಚಾರ್ಜ್ ಇರುವ ಕಣಗಳೇ ಎಂದು ಗೊತ್ತಾಯಿತು. ಹುವಾಂಕಾಯೊ ಹೆಸರು ನೆನಪಿಡಿ. ಕಾಸರಗೋಡಿನ ಮಾತು ಬಂದಾಗ ಅದು ಮತ್ತೆ ಬೇಕು.

ಅದಾದ ಮೇಲೆ ಸುಮಾರು ನಲವತ್ತು ವರ್ಷ ಹೆಚ್ಚಿನವರು ನಂಬಿದ್ದು ಒಂದೇ: ಜ್ವಾಲೆಯೇ ಕಣಗಳನ್ನು ಎಸೆಯುತ್ತದೆ. ಬೆಳಕು ಕಂಡಿತು, ಸ್ವಲ್ಪದರಲ್ಲೇ ಕಣ ಬಂತು. ಬೇರೆ ಯೋಚನೆ ಯಾಕೆ ಬರಬೇಕು, ಅಲ್ವಾ? ಆದರೆ ಉಪಗ್ರಹಗಳು ಕಣಗಳನ್ನು ಹಿಡಿದು ಇದು ಹೀಲಿಯಂ, ಇದು ಆಮ್ಲಜನಕ, ಇದು ಕಬ್ಬಿಣ ಎಂದು ವಿಂಗಡಿಸಲು ಶುರು ಮಾಡಿದ ಮೇಲೆ ಎರಡು ಜಾತಿಯ ಘಟನೆಗಳು ಕಂಡವು.

ಒಂದು ಜಾತಿಯದ್ದು ಚಿಕ್ಕದು. ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ. ಎಲೆಕ್ಟ್ರಾನ್ ಜಾಸ್ತಿ. ಹೀಲಿಯಂ-3 ಎಂಬ ಅಪರೂಪದ ಹೀಲಿಯಂ ಇದರಲ್ಲಿ ಸಾಮಾನ್ಯಕ್ಕಿಂತ ಸಾವಿರ ಪಟ್ಟಿನವರೆಗೂ ಹೆಚ್ಚಿರುತ್ತದೆ. ಇದು ಜ್ವಾಲೆಯ ಜಾಗದಲ್ಲೇ, ಬಲರೇಖೆಗಳು ಕಡಿದು ಕೂಡುವಲ್ಲೇ ಹುಟ್ಟುವಂಥದ್ದು. ಇನ್ನೊಂದು ಜಾತಿಯದ್ದು ದೊಡ್ಡದು. ದಿನಗಟ್ಟಲೆ ಇರುತ್ತದೆ. ಪ್ರೋಟಾನ್ ಜಾಸ್ತಿ. ಇದರಲ್ಲಿರುವ ಧಾತುಗಳ ಪ್ರಮಾಣ ಮಾಮೂಲಿ ಕರೋನಾದಲ್ಲಿ ಇರುವ ಹಾಗೆಯೇ. ಬಾಹ್ಯಾಕಾಶ ಯಾತ್ರಿಗಳಿಗೆ, ಉಪಗ್ರಹಗಳಿಗೆ ಅಪಾಯ ತರುವುದು ಮುಖ್ಯವಾಗಿ ಈ ಎರಡನೆಯದು. ಇದರ ಹಿಂದಿರುವುದು ಜ್ವಾಲೆಯಲ್ಲ, ಮೋಡ. ಸರಿಯಾಗಿ ಹೇಳಬೇಕೆಂದರೆ ಮೋಡದ ಮುಂದೆ ಏಳುವ ಆಘಾತದ ಅಲೆ.

ಇಲ್ಲಿ ಸ್ವಲ್ಪ ನಿಧಾನಿಸಬೇಕು. ಇವತ್ತಿನ ಮಾತಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು.

ಮೋಡ ಸೆಕೆಂಡಿಗೆ ಸಾವಿರ, ಎರಡು ಸಾವಿರ ಕಿಲೋಮೀಟರ್ ವೇಗದಲ್ಲಿ ನುಗ್ಗುತ್ತದೆ. ಅದರ ಮುಂದೆ ಕರೋನಾ ಮತ್ತು ಸೌರಮಾರುತ ಉಂಟು. ಅವು ಪಕ್ಕಕ್ಕೆ ಸರಿಯಲಿಕ್ಕೂ ಸ್ವಲ್ಪ ಸಮಯ ಬೇಕು. ಆ ಸಮಯ ಕೊಡದೆ ನುಗ್ಗಿದರೆ ಮುಂದೆ ಒಂದು ಆಘಾತದ ಅಲೆ ಏಳುತ್ತದೆ. ಅಲೆಯ ಒಂದು ಬದಿಯಲ್ಲಿ ವಸ್ತು ತೆಳುವಾಗಿ ನಿಧಾನಕ್ಕೆ ಹೋಗುತ್ತಿರುತ್ತದೆ, ಇನ್ನೊಂದು ಬದಿಯಲ್ಲಿ ಒತ್ತಾಗಿ, ಜೋರಾಗಿ ಮುನ್ನುಗ್ಗುತ್ತಿರುತ್ತದೆ. ಎರಡೂ ಬದಿಯಲ್ಲಿ ಕಾಂತಕ್ಷೇತ್ರ ಕದಡಿರುತ್ತದೆ.

ಈಗ ಶಾಲೆಯ ಮೈದಾನದ ಕ್ರಿಕೆಟ್ ನೆನಪು ಮಾಡಿಕೊಳ್ಳಿ. ಬ್ಯಾಟನ್ನು ಅಲುಗಿಸದೆ ಹಿಡಿದರೆ ರಬ್ಬರ್ ಚೆಂಡು ಬಂದ ವೇಗದಲ್ಲೇ ಹಿಂದಕ್ಕೆ ಪುಟಿಯುತ್ತದೆ. ಬ್ಯಾಟನ್ನು ಮುಂದಕ್ಕೆ ಬೀಸಿದರೆ ಬಂದ ವೇಗಕ್ಕಿಂತ ಜಾಸ್ತಿ ವೇಗದಲ್ಲಿ ಹೋಗುತ್ತದೆ. ಬೀಸಿದ ಬ್ಯಾಟಿನ ವೇಗದ ಒಂದು ಪಾಲು ಚೆಂಡಿಗೆ ಸಿಕ್ಕಿತು. ಒಂದೇ ಹೊಡೆತಕ್ಕೆ ಚೆಂಡು ಗಡಿ ದಾಟಿದರೆ ಅಲ್ಲಿಗೆ ಮುಗಿಯಿತು. ಆದರೆ ಎದುರಿಗೆ ಒಬ್ಬ ನಿಂತು ಪ್ರತಿ ಸಲವೂ ಅದನ್ನು ಅದೇ ವೇಗದಲ್ಲಿ ಬ್ಯಾಟಿನ ಕಡೆಗೇ ತಿರುಗಿಸುತ್ತಾ ಇದ್ದರೆ? ಪ್ರತಿ ಹೊಡೆತಕ್ಕೂ ವೇಗ ಸ್ವಲ್ಪ ಸ್ವಲ್ಪ ಏರುತ್ತಲೇ ಹೋಗುತ್ತದೆ.

ಆಘಾತದ ಅಲೆಯಲ್ಲಿ ನಡೆಯುವುದು ಇದೇ. ಮುಂದಕ್ಕೆ ನುಗ್ಗುವ ಬದಿಯ ಕಾಂತಕ್ಷೇತ್ರ ಬ್ಯಾಟಿನ ಕೆಲಸ ಮಾಡುತ್ತದೆ, ಮುಂದಿನ ಬದಿಯ ಕದಡಿದ ಕಾಂತಕ್ಷೇತ್ರ ಚೆಂಡನ್ನು ತಿರುಗಿಸುವವನ ಕೆಲಸ ಮಾಡುತ್ತದೆ. ಪ್ರೋಟಾನ್ ಅಲೆಯನ್ನು ಅತ್ತ ದಾಟುತ್ತದೆ, ಇತ್ತ ದಾಟುತ್ತದೆ, ಮತ್ತೆ ಅತ್ತ. ಪ್ರತಿ ಸಲ ಸಿಗುವ ಲಾಭ ಚಿಕ್ಕದು. ನೂರಾರು ಸಲ ದಾಟಿದರೆ ಅದು ಬೆಟ್ಟದಷ್ಟಾಗುತ್ತದೆ. ಚಲಿಸುವ ಕಾಂತಕ್ಷೇತ್ರಗಳಿಗೆ ಡಿಕ್ಕಿ ಹೊಡೆದು ಕಣಗಳು ಶಕ್ತಿ ಗಳಿಸಬಹುದು ಎಂಬ ಯೋಚನೆಯನ್ನು 1949ರಲ್ಲಿ ಮುಂದಿಟ್ಟದ್ದು ಎನ್ರಿಕೊ ಫರ್ಮಿ. ಅವರ ಮನಸ್ಸಿನಲ್ಲಿ ಇದ್ದದ್ದು ನಕ್ಷತ್ರಗಳ ನಡುವಿನ ಮೋಡಗಳು. ಅದನ್ನು ಆಘಾತದ ಅಲೆಗೆ ಹೊಂದಿಸಿ ಲೆಕ್ಕ ಮಾಡಿದ್ದು 1970ರ ದಶಕದ ಕೊನೆಗೆ, ಬೇರೆ ಬೇರೆ ದೇಶಗಳಲ್ಲಿ ಹತ್ತಿರ ಹತ್ತಿರ ಒಂದೇ ಕಾಲಕ್ಕೆ.

ಇದರಲ್ಲಿ ಇನ್ನೊಂದು ಸೊಗಸು ಉಂಟು. ಮುಂದಿನ ಬದಿಯ ಕಾಂತಕ್ಷೇತ್ರವನ್ನು ಕದಡುವವರು ಯಾರು? ಮೊದಲು ತಪ್ಪಿಸಿಕೊಂಡು ಓಡಿದ ಪ್ರೋಟಾನ್‌ಗಳೇ! ಅವು ಓಡುವಾಗ ದಾರಿಯ ಕಾಂತಕ್ಷೇತ್ರದಲ್ಲಿ ಅಲೆ ಎಬ್ಬಿಸುತ್ತವೆ. ಹಿಂದಿನಿಂದ ಬಂದ ಕಣಗಳು ಆ ಅಲೆಗೆ ಸಿಕ್ಕಿ ಮತ್ತೆ ಆಘಾತದ ಕಡೆಗೇ ತಿರುಗುತ್ತವೆ, ಇನ್ನಷ್ಟು ಶಕ್ತಿ ಪಡೆಯುತ್ತವೆ. ಕಣಗಳು ಹೆಚ್ಚಾದಷ್ಟೂ ಕದಡುವುದು ಹೆಚ್ಚು, ಕದಡಿದಷ್ಟೂ ಕಣಗಳು ಸಿಕ್ಕಿಹಾಕಿಕೊಳ್ಳುವುದು ಹೆಚ್ಚು. ಹೊರಗಿನಿಂದ ಯಾರೂ ಏನೂ ಮಾಡಬೇಕಾಗಿಲ್ಲ.

ಆದರೆ ಇಲ್ಲಿಗೆ ಎಲ್ಲ ಬಗೆಹರಿಯಿತು ಎಂದುಕೊಳ್ಳಬೇಡಿ. ಒಂದೇ ವೇಗದ, ಒಂದೇ ಗಾತ್ರದ ಎರಡು ಮೋಡಗಳು ಹೊರಟರೆ ಒಂದು ಭಾರೀ ಕಣಮಳೆ ತರುತ್ತದೆ, ಇನ್ನೊಂದು ಅದರ ನೂರನೇ ಒಂದು ಪಾಲೂ ತರುವುದಿಲ್ಲ. ಯಾಕೆ? ತಣ್ಣಗೆ ನಿಧಾನಕ್ಕೆ ಹೋಗುವ ಪ್ರೋಟಾನನ್ನು ಈ ಆಟಕ್ಕೆ ಸೇರಿಸುವುದು ಕಷ್ಟ. ಈಗಾಗಲೇ ಸ್ವಲ್ಪ ವೇಗ ಪಡೆದ ಕಣಗಳು ದಾರಿಯಲ್ಲಿ ತಯಾರಿದ್ದರೆ ಕೆಲಸ ಸುಲಭ. ಅವನ್ನು ಬೀಜ ಕಣಗಳು ಅನ್ನುತ್ತಾರೆ. ಸ್ವಲ್ಪ ಹೊತ್ತಿಗೆ ಮುಂಚೆ ಅಲ್ಲೇ ಇನ್ನೊಂದು ಸ್ಫೋಟ ಆಗಿದ್ದರೆ ಬೀಜ ಬಿದ್ದಿರುತ್ತದೆ. ಎರಡನೆಯದು ಬಂದು ಫಸಲು ತೆಗೆಯುತ್ತದೆ. ಜ್ವಾಲೆಯಿಂದ ಬಂದ ಕಣಗಳೂ ಬೀಜ ಆಗಬಹುದು. ಹಾಗಾಗಿ ಜ್ವಾಲೆಯೋ ಮೋಡವೋ ಎಂದು ಗೆರೆ ಎಳೆದು ಬೇರೆ ಮಾಡುವುದು ದೊಡ್ಡ ಘಟನೆಗಳಲ್ಲಿ ಸುಲಭವಲ್ಲ. ಜ್ವಾಲೆಯ ಪಾಲು ಎಷ್ಟು ಎಂಬ ಬಗ್ಗೆ ವಿಜ್ಞಾನಿಗಳ ನಡುವೆ ಇವತ್ತಿಗೂ ವಾದ ಉಂಟು. ದೊಡ್ಡ ಘಟನೆಗಳಲ್ಲಿ ಆಘಾತದ ಅಲೆಯ ಪಾಲೇ ಹಿರಿದು ಎಂಬುದು ನನಗೆ ಒಪ್ಪಿಗೆಯಾದ ಮಾತು.

ಕಣ ತಯಾರಾಯಿತು. ಇನ್ನು ಪ್ರಯಾಣ. ಸೌರಮಾರುತ ಸೂರ್ಯನ ಕಾಂತಕ್ಷೇತ್ರವನ್ನು ಹೊರಕ್ಕೆ ಎಳೆದುಕೊಂಡು ಹೋಗುತ್ತದೆ. ಸೂರ್ಯ ತಿರುಗುತ್ತಲೇ ಇರುತ್ತಾನೆ. ಭೂಮಿಯಿಂದ ನೋಡಿದರೆ ಒಂದು ಸುತ್ತಿಗೆ ಸುಮಾರು 27 ದಿನ. ಹೀಗಾಗಿ ಬಲರೇಖೆಗಳು ನೇರ ಇರುವುದಿಲ್ಲ, ಬಾಗಿ ಸುರುಳಿಯಾಗುತ್ತವೆ. ನಮ್ಮ ಹತ್ತಿರ ಬರುವಾಗ ಸೂರ್ಯನ ದಿಕ್ಕಿಗೆ ಸುಮಾರು 45 ಡಿಗ್ರಿ ಓರೆ. ಭೂಮಿಯಿಂದ ಬಲರೇಖೆಯನ್ನು ಹಿಡಿದು ಹಿಂದಕ್ಕೆ ಹೋದರೆ ಸೂರ್ಯನ ನಟ್ಟನಡುವಿಗೆ ತಲುಪುವುದಿಲ್ಲ, ಪಶ್ಚಿಮದ ಅರ್ಧಕ್ಕೆ ತಲುಪುತ್ತೇವೆ. ಆದ್ದರಿಂದ ಸೂರ್ಯನ ಪಶ್ಚಿಮ ಬದಿಯಲ್ಲಿ ಸ್ಫೋಟ ಆದರೆ ಕಣಗಳಿಗೆ ನಮ್ಮ ಮನೆಯವರೆಗೆ ಸೀದಾ ರಸ್ತೆ. ಪೂರ್ವ ಬದಿಯಲ್ಲಿ ಆದರೆ ಕಣಗಳು ನಿಧಾನವಾಗಿ ಏರುತ್ತವೆ, ಕೆಲವೊಮ್ಮೆ ಮೋಡವೇ ಹತ್ತಿರ ಬಂದ ಮೇಲೆ ಜಾಸ್ತಿಯಾಗುತ್ತವೆ.

ಬಾಗಿದ ದಾರಿ ನೇರ ದಾರಿಗಿಂತ ಸುಮಾರು ಐದನೇ ಒಂದು ಪಾಲು ಉದ್ದ. ಒಂದು ಗಿಗಾ ಎಲೆಕ್ಟ್ರಾನ್ ವೋಲ್ಟ್ ಪ್ರೋಟಾನಿಗೆ ಇಷ್ಟು ದೂರ ಕ್ರಮಿಸಲು ಹನ್ನೊಂದು, ಹನ್ನೆರಡು ನಿಮಿಷ. ಅದರ ಹತ್ತನೇ ಒಂದು ಪಾಲು ಶಕ್ತಿಯದ್ದಕ್ಕೆ ಇಪ್ಪತ್ತಮೂರು ನಿಮಿಷದ ಹತ್ತಿರ. ನೂರನೇ ಒಂದು ಪಾಲಿನದ್ದಕ್ಕೆ ಒಂದು ಗಂಟೆಗೂ ಜಾಸ್ತಿ. 2005ರ ಜನವರಿ 20ರಂದು ಹೀಗೆ ಕಣಗಳು ಬೆಳಕಿನ ಬೆನ್ನಿಗೇ ಬಂದವು. ಹಾಗಾದರೆ ಮುನ್ಸೂಚನೆ ಅಸಾಧ್ಯವೇ? ಒಂದು ದಾರಿ ಉಂಟು. ಎಲೆಕ್ಟ್ರಾನ್ ಹಗುರ, ಬೇಗ ಬೆಳಕಿನ ವೇಗದ ಹತ್ತಿರ ಹೋಗುತ್ತದೆ. ಅದು ಮೊದಲು ಬಂದು ಮುಟ್ಟುತ್ತದೆ. ಎಲೆಕ್ಟ್ರಾನ್ ಏರಿದ್ದು ನೋಡಿ, ಹಿಂದೆ ಪ್ರೋಟಾನ್ ಬರುತ್ತಿದೆ ಎಂದು ಹೇಳಬಹುದು. ಚೆನ್ನಾಗಿ ಕೂಡಿಬಂದರೆ ಹೀಗೆ ಒಂದು ಗಂಟೆಯವರೆಗೆ ಸಮಯ ಸಿಗುತ್ತದೆ. ಆಘಾತದ ಅಲೆ ಕರೋನಾದಲ್ಲಿ ಎದ್ದಾಗ ರೇಡಿಯೊ ಸದ್ದನ್ನೂ ಎಬ್ಬಿಸುತ್ತದೆ. ಆಂಧ್ರದ ಗಡಿಗೆ ಹತ್ತಿರದ ಗೌರಿಬಿದನೂರಿನಲ್ಲಿ ಭಾರತೀಯ ಖಭೌತ ಸಂಸ್ಥೆಯವರು ಅದನ್ನು ಕೇಳುವ ಆಂಟೆನಾಗಳನ್ನು ಇಟ್ಟಿದ್ದಾರೆ.

ಕಣಗಳು ಬಂದದ್ದನ್ನು ಕಣ್ಣಾರೆ ನೋಡಬೇಕು ಅಂದರೆ 2000ನೇ ಇಸವಿಯ ಜುಲೈ 14ರ, ಸೂರ್ಯನನ್ನು ನೋಡುವ ಸೋಹೊ ನೌಕೆಯ ವಿಡಿಯೊ ನೋಡಿ. ಅಂತರ್ಜಾಲದಲ್ಲಿ ಯಾರಿಗೂ ಸಿಗುತ್ತದೆ. ನಡುವೆ ಸೂರ್ಯನನ್ನು ಮುಚ್ಚಿದ ಒಂದು ಬಿಲ್ಲೆ. ಅದರ ಅಂಚಿನಿಂದ ಸುತ್ತಲೂ ಮೋಡ ಉಬ್ಬುತ್ತಾ ಹೊರಡುತ್ತದೆ. ಮೋಡ ನೌಕೆಯ ಹತ್ತಿರ ಇನ್ನೂ ಬಂದೇ ಇಲ್ಲ, ಅಷ್ಟರಲ್ಲಿ ಚಿತ್ರದಲ್ಲಿ ಬಿಳಿ ಚುಕ್ಕೆ ಶುರು. ಮೊದಲು ಅಲ್ಲೊಂದು ಇಲ್ಲೊಂದು. ಆಮೇಲೆ ಚುಕ್ಕೆ, ಗೀರು ಎಲ್ಲ ಸೇರಿ ಚಿತ್ರ ಪೂರಾ ಬೆಳ್ಳಗೆ. ಪ್ರತಿ ಚುಕ್ಕೆಯೂ ಕ್ಯಾಮೆರಾದ ಒಳಗಿನ ಎಲೆಕ್ಟ್ರಾನಿಕ್ ಚಿಪ್‌ಗೆ ನೇರವಾಗಿ ಬಡಿದ ಒಂದು ಕಣ. ಮಸೂರದ ಮೂಲಕ ಬಂದದ್ದಲ್ಲ, ನೌಕೆಯ ಗೋಡೆಯನ್ನೇ ತೂರಿ ಬಂದದ್ದು. ಇದನ್ನು ಒಂದು ಸಲ ನೋಡಿದರೆ ಕಣ ಬೇರೆ, ಮೋಡ ಬೇರೆ ಎಂದು ಯಾರೂ ವಿವರಿಸಬೇಕಾಗಿಲ್ಲ.

ಕ್ಯಾಮೆರಾ ಮತ್ತೆ ಸರಿಹೋಗುತ್ತದೆ. ಮನುಷ್ಯ? 1972ರ ಏಪ್ರಿಲ್ ಕೊನೆಗೆ ಅಪೊಲೊ 16ರವರು ಚಂದ್ರನಿಂದ ಮರಳಿದರು. ಡಿಸೆಂಬರಿನಲ್ಲಿ ಅಪೊಲೊ 17 ಹೊರಟಿತು. ಎರಡರ ನಡುವೆ, ಆಗಸ್ಟ್ 4ರಂದು, ಆ ಕಾಲದ ಅತಿ ದೊಡ್ಡ ಕಣಮಳೆಗಳಲ್ಲಿ ಒಂದು ಸುರಿಯಿತು. ಆ ಹೊತ್ತಿಗೆ ಯಾರಾದರೂ ಬರೀ ಬಾಹ್ಯಾಕಾಶದ ಉಡುಪಿನಲ್ಲಿ ಚಂದ್ರನ ಮೇಲೆ ನಡೆಯುತ್ತಿದ್ದರೆ ವಿಕಿರಣದಿಂದ ಗಂಭೀರ ಕಾಯಿಲೆ ಬೀಳುವ ಸಂಭವ ಇತ್ತು. ಅದೇ ಸ್ಫೋಟದ ಮೋಡ ಸುಮಾರು ಹದಿನಾಲ್ಕೂವರೆ ಗಂಟೆಯಲ್ಲಿ ಭೂಮಿ ಮುಟ್ಟಿತು. ಅದು ಎಬ್ಬಿಸಿದ ಕಾಂತೀಯ ಕಂಪನಕ್ಕೆ ವಿಯೆಟ್ನಾಮಿನ ಹೈಫಾಂಗ್‌ನ ದಕ್ಷಿಣಕ್ಕೆ ಸಮುದ್ರದಲ್ಲಿ ಇಟ್ಟಿದ್ದ, ಕಾಂತಕ್ಷೇತ್ರ ಅಲುಗಿದರೆ ಸಿಡಿಯುವ ಬಾಂಬುಗಳು ತಾವಾಗಿಯೇ ಸಿಡಿದವು. ಒಂದೇ ಸ್ಫೋಟ. ಕಣದ ಅಪಾಯ ಚಂದ್ರನ ಮೇಲೆ, ಮೋಡದ ಪರಿಣಾಮ ಕಡಲಿನಲ್ಲಿ. 2040ರ ಹೊತ್ತಿಗೆ ಭಾರತೀಯರನ್ನು ಚಂದ್ರನ ಮೇಲೆ ಇಳಿಸುವ ಗುರಿ ನಮ್ಮ ದೇಶದ್ದು. ಹಾಗಾಗಿ ಇದು ಅಮೆರಿಕದವರ ಹಳೆಯ ಕಥೆ ಎಂದು ಬಿಡುವ ಹಾಗಿಲ್ಲ.

ಈಗ ಮುಂದಿನ ಸಾಲಿನಿಂದ ಹಿರಿಯರೊಬ್ಬರು ಕೇಳಿದರು, "ಇದರಿಂದ ನಮಗೆ ಇಲ್ಲಿ ಎಂತ ಆಗ್ತದೆ?" ಎಂದು. ಒಳ್ಳೆಯ ಪ್ರಶ್ನೆ. ಹುವಾಂಕಾಯೊವನ್ನು ಈಗ ನೆನಪು ಮಾಡಿಕೊಳ್ಳಿ. ಭೂಮಿಯ ಬಲರೇಖೆಗಳು ಧ್ರುವದ ಹತ್ತಿರ ನೆಲಕ್ಕೆ ನೆಟ್ಟಗೆ ಇಳಿಯುತ್ತವೆ. ಕಣಗಳು ಅವನ್ನು ಹಿಡಿದು ಸಲೀಸಾಗಿ ಕೆಳಗೆ ಬರುತ್ತವೆ. ಕಾಂತೀಯ ಸಮಭಾಜಕದ ಹತ್ತಿರ ಬಲರೇಖೆಗಳು ನೆಲಕ್ಕೆ ಮಲಗಿರುತ್ತವೆ. ಮೇಲಿನಿಂದ ಬರುವ ಕಣ ಅವನ್ನೆಲ್ಲ ಅಡ್ಡ ದಾಟಬೇಕು. ಆ ಸಮಭಾಜಕ ಹಾದುಹೋಗುವುದು ನಮ್ಮ ಕೇರಳದ ದಕ್ಷಿಣ ತುದಿಯ ಹತ್ತಿರದಲ್ಲೇ. 1963ರ ನವೆಂಬರ್ 21ರಂದು ದೇಶದ ಮೊದಲ ರಾಕೆಟ್ ಹಾರಿಸಲು ತಿರುವನಂತಪುರದ ಹತ್ತಿರದ ತುಂಬಾ ಎಂಬ ಊರನ್ನು ಆರಿಸಿದ್ದೇ ಈ ಕಾರಣಕ್ಕೆ. ದಕ್ಷಿಣ ಭಾರತದ ನೆತ್ತಿಯ ಮೇಲಿನಿಂದ ಕಣವೊಂದು ಒಳಗೆ ಬರಬೇಕಾದರೆ ಅದಕ್ಕೆ ಸುಮಾರು 17 ಗಿಗಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಸೂರ್ಯನಿಂದ ಬರುವ ಕಣಗಳಲ್ಲಿ ಅಷ್ಟು ಶಕ್ತಿಯವು ತೀರಾ ಅಪರೂಪ. ಅದರ ಕೆಳಗೆ ವಾತಾವರಣ ಬೇರೆ ಉಂಟು, ಅದು ತಡೆಯುವುದು 10 ಮೀಟರ್ ಆಳದ ನೀರಿನ ಲೆಕ್ಕಕ್ಕೆ. ಈ ಕಣಗಳ ಮಟ್ಟಿಗೆ ಜಗತ್ತಿನಲ್ಲೇ ಅತ್ಯಂತ ಸುರಕ್ಷಿತ ಜಾಗಗಳಲ್ಲಿ ನಾವು ಇದ್ದೇವೆ. ಬಾಗಿಲು ಹಾಕಿ ಒಳಗೆ ಕೂರಬೇಕಾಗಿಲ್ಲ. ಮೊಬೈಲ್ ಸುಡುವುದೂ ಇಲ್ಲ.

ಇದೇ ಕವಚವನ್ನು ಉಪಯೋಗಿಸಿ ಊಟಿಯಲ್ಲಿ ಒಂದು ಚಂದದ ಕೆಲಸ ನಡೆಯುತ್ತಿದೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಗ್ರೇಪ್ಸ್-3 ಎಂಬ ಉಪಕರಣ ಅಲ್ಲಿ ಮ್ಯೂಆನ್‌ಗಳನ್ನು, ಅಂದರೆ ಕಾಸ್ಮಿಕ್ ಕಿರಣಗಳು ವಾತಾವರಣಕ್ಕೆ ಬಡಿದಾಗ ಹುಟ್ಟುವ ಕಣಗಳನ್ನು ಎಣಿಸುತ್ತದೆ. 2015ರ ಜೂನ್ 22ರಂದು ಎರಡು ಗಂಟೆ ಎಣಿಕೆ ಏರಿತು. ಅವನ್ನು ಹುಟ್ಟಿಸಿದ ಕಣಗಳು ಸೂರ್ಯನವಲ್ಲ, ನಕ್ಷತ್ರಲೋಕದಿಂದ ಬಂದ ಕಾಸ್ಮಿಕ್ ಕಿರಣಗಳು. ಸೂರ್ಯನಿಂದ ಬಂದ ಮೋಡ ಭೂಮಿಯ ಕಾಂತಕವಚವನ್ನು ಒತ್ತಿ ಸ್ವಲ್ಪ ಹೊತ್ತು ದುರ್ಬಲ ಮಾಡಿದ್ದರಿಂದ ಅವು ನುಸುಳಿದವು.

ನೆಲದ ಮೇಲೆ ನಾವು ಸುರಕ್ಷಿತ. ಆದರೆ ನಮ್ಮವರು ಇಲ್ಲಿಯೇ ಇರುವುದಿಲ್ಲವಲ್ಲ. ಗಲ್ಫಿಗೆ ಹೋಗುವ ವಿಮಾನ ಹಾರುವುದು ಸಮಭಾಜಕಕ್ಕೆ ಹತ್ತಿರದ ಆಕಾಶದಲ್ಲೇ, ಚಿಂತೆ ಇಲ್ಲ. ಅಮೆರಿಕಕ್ಕೆ ಹೋಗುವ ಕೆಲವು ವಿಮಾನಗಳು ಉತ್ತರ ಧ್ರುವದ ಹತ್ತಿರ ಹಾಯುತ್ತವೆ. 2003ರ ಅಕ್ಟೋಬರ್ ಕೊನೆಯ ಸ್ಫೋಟಗಳ ಹೊತ್ತಿಗೆ ಇಂಥ ವಿಮಾನಗಳ ದಾರಿ ಬದಲಿಸಿದ್ದರು. ಅದೇ ದಿನಗಳಲ್ಲಿ ಮಂಗಳನನ್ನು ಸುತ್ತುತ್ತಿದ್ದ ನೌಕೆಯ ವಿಕಿರಣ ಅಳೆಯುವ ಉಪಕರಣವೇ ಕೆಟ್ಟುಹೋಯಿತು. ಬೇಗ ಓಡುವ ಒಂದು ಕಣ ಕಂಪ್ಯೂಟರಿನ ಚಿಪ್‌ಗೆ ತಾಗಿದರೆ ಅಲ್ಲಿದ್ದ ಸೊನ್ನೆ ಒಂದಾಗಬಹುದು, ಒಂದು ಸೊನ್ನೆಯಾಗಬಹುದು. 2025ರ ನವೆಂಬರ್ ಕೊನೆಗೆ ಏರ್‌ಬಸ್ ಎ320 ಜಾತಿಯ ಸುಮಾರು ಆರು ಸಾವಿರ ವಿಮಾನಗಳ ಸಾಫ್ಟ್‌ವೇರ್ ಸರಿಮಾಡಬೇಕಾಗಿ ಬಂದದ್ದು ಈ ಭಯದಿಂದಲೇ. ಜೋರಾದ ಸೌರ ವಿಕಿರಣ ಹಾರಾಟದ ಕಂಪ್ಯೂಟರಿನ ಮಾಹಿತಿ ಕೆಡಿಸಬಹುದು ಎಂದು ಕಂಪನಿ ಹೇಳಿತ್ತು.

ದೋಣಿಯವರು ಇಲ್ಲಿ ಇದ್ದಾರೆ, ಅವರಿಗೊಂದು ಮಾತು. ಜಿಪಿಎಸ್ ತಪ್ಪು ಜಾಗ ತೋರಿಸುವುದು, ವೈರ್‌ಲೆಸ್ ಸದ್ದು ಸತ್ತುಹೋಗುವುದು ನಮ್ಮ ಕಡೆಯೂ ಆಗಬಹುದು. ಅದು ಹೆಚ್ಚಾಗಿ ಮೊದಲ ಅತಿಥಿಯದ್ದು ಮತ್ತು ಮೂರನೆಯದರ ಕೆಲಸ, ಎಕ್ಸ್‌ರೇ ಮತ್ತು ಮೋಡ.

ಇದಕ್ಕಿಂತ ಎಷ್ಟೋ ದೊಡ್ಡ ಕಣಮಳೆ ಬಂದದ್ದುಂಟೇ? ಉಂಟು. ಕಣಗಳು ವಾತಾವರಣಕ್ಕೆ ಬಡಿದಾಗ ಕಾರ್ಬನ್-14 ಹುಟ್ಟುತ್ತದೆ. ಮರಗಳು ಅದನ್ನು ಉಸಿರಾಡಿ ಆ ವರ್ಷದ ಉಂಗುರದಲ್ಲಿ ಇಟ್ಟುಕೊಳ್ಳುತ್ತವೆ. ಜಪಾನಿನ ಫುಸಾ ಮಿಯಾಕೆ ಹಳೆಯ ದೇವದಾರು ಮರದ ಉಂಗುರಗಳನ್ನು ಒಂದೊಂದಾಗಿ ಅಳೆದು, ಕ್ರಿಸ್ತಶಕ 774ರಿಂದ 775ಕ್ಕೆ ಕಾರ್ಬನ್-14 ಒಮ್ಮೆಲೇ ಶೇಕಡಾ 1.2ರಷ್ಟು ಏರಿದ್ದನ್ನು 2012ರಲ್ಲಿ ಪ್ರಕಟಿಸಿದರು. ಆಮೇಲೆ ಬೇರೆ ದೇಶಗಳ ಮರಗಳಲ್ಲೂ ಅದೇ ಏರಿಕೆ ಸಿಕ್ಕಿತು. ಸೂರ್ಯನ ಭಾರೀ ಕಣಮಳೆಯೇ ಇದಕ್ಕೆ ಕಾರಣ ಎಂದು ಈಗ ಹೆಚ್ಚಿನವರು ಒಪ್ಪುತ್ತಾರೆ. ಕನ್ನಡನಾಡಿನಲ್ಲಿ ಆಗ ರಾಷ್ಟ್ರಕೂಟರ ಆಳ್ವಿಕೆ. ಅವರಿಗೆ ಏನೂ ಗೊತ್ತಾಗಿರಲಿಕ್ಕಿಲ್ಲ. ಉಪಗ್ರಹ ಇಲ್ಲ, ವಿಮಾನ ಇಲ್ಲ, ತಂತಿ ಇಲ್ಲ. ಇವತ್ತು ಅಂಥದ್ದು ಬಂದರೆ ಎಷ್ಟು ಉಪಗ್ರಹ ಉಳಿದಾವು ಎಂಬುದು ನನ್ನನ್ನು ನಿಜವಾಗಿ ಕಾಡುವ ಪ್ರಶ್ನೆ.

ಅಧ್ಯಾಪಕರೊಬ್ಬರು ಸೂರ್ಯನನ್ನು ನೋಡುವ ನಮ್ಮ ದೇಶದ ನೌಕೆ ಆದಿತ್ಯ-ಎಲ್1ರ ಬಗ್ಗೆ ಕೇಳಿದ್ದಾರೆ. 2023ರ ಸೆಪ್ಟೆಂಬರ್ 2ರಂದು ಶ್ರೀಹರಿಕೋಟಾದಿಂದ ಹೊರಟು, 2024ರ ಜನವರಿ 6ರಂದು ತನ್ನ ಜಾಗ ಸೇರಿತು. ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿಲೋಮೀಟರ್. ಭೂಮಿಯ ಕವಚದ ಹೊರಗೆ ಇರುವುದರಿಂದ ಕಣಗಳು ಅದಕ್ಕೆ ನೇರವಾಗಿ ಸಿಗುತ್ತವೆ. ಅದರಲ್ಲಿ ಸ್ಟೆಪ್ಸ್ ಎಂಬ ಉಪಕರಣ ಉಂಟು, ಅಹಮದಾಬಾದಿನಲ್ಲಿ ತಯಾರಾದದ್ದು. ಬೇರೆ ಬೇರೆ ದಿಕ್ಕುಗಳಿಂದ ಬರುವ ಕಣಗಳನ್ನು ಬೇರೆ ಬೇರೆಯಾಗಿ ಎಣಿಸುತ್ತದೆ. ಅದು ನೋಡುವುದು ಅತಿ ವೇಗದವನ್ನಲ್ಲ, ಆಟಕ್ಕೆ ಆಗಷ್ಟೇ ಸೇರಿದ ಮತ್ತು ನಡುವಿನ ಶಕ್ತಿಯ ಕಣಗಳನ್ನು. ನಾನು ಹೇಳಿದ ಬೀಜ ಕಣಗಳ ಒಗಟು ಇರುವುದೇ ಅಲ್ಲಿ. ಹೀಲಿಯೋಸ್ ಎಂಬ ಇನ್ನೊಂದು ಉಪಕರಣ ಬೆಂಗಳೂರಿನದ್ದು, ಅದು ಜ್ವಾಲೆಯ ಎಕ್ಸ್‌ರೇ ನೋಡುತ್ತದೆ. ಅಮೆರಿಕದ ಪಾರ್ಕರ್ ನೌಕೆ ಇನ್ನೂ ಮುಂದೆ ಹೋಗಿ, 2024ರ ಡಿಸೆಂಬರ್ 24ರಂದು ಸೂರ್ಯನ ಮೇಲ್ಮೈಯಿಂದ 61 ಲಕ್ಷ ಕಿಲೋಮೀಟರ್ ದೂರದಲ್ಲಿ ಹಾದುಹೋಯಿತು. ಕಣಗಳು ದಾರಿಯಲ್ಲಿ ಚದುರುವ ಮುಂಚೆಯೇ ಅವನ್ನು ಹಿಡಿಯುವುದು ಅದರ ಕೆಲಸಗಳಲ್ಲಿ ಒಂದು.

ಆದಿತ್ಯದ ಮಾಹಿತಿಯನ್ನು ಇಸ್ರೊ ಸಾರ್ವಜನಿಕರಿಗೆ ಪ್ರದಾನ್ ಎಂಬ ಜಾಲತಾಣದಲ್ಲಿ ಇಟ್ಟಿದೆ. ಹೆಸರು ನೋಂದಾಯಿಸಿದರೆ ಸಾಕು, ಹಣ ಕೊಡಬೇಕಾಗಿಲ್ಲ. ಹತ್ತನೇ ಕ್ಲಾಸಿನ ಮಕ್ಕಳು ಅಧ್ಯಾಪಕರನ್ನು ಜೊತೆಗೆ ಕೂರಿಸಿಕೊಂಡು ಪ್ರಯತ್ನಿಸಬಹುದು. ಒಂದು ದೊಡ್ಡ ಸ್ಫೋಟದ ದಿನವನ್ನು ಆರಿಸಿ. ಹೀಲಿಯೋಸ್‌ನ ಎಕ್ಸ್‌ರೇ ಗ್ರಾಫ್ ಮೇಲೆ, ಸ್ಟೆಪ್ಸ್‌ನ ಕಣಗಳ ಗ್ರಾಫ್ ಕೆಳಗೆ, ಗಂಟೆಗಳು ಒಂದರ ಕೆಳಗೆ ಒಂದು ಬರುವ ಹಾಗೆ ಇಡಿ. ಎರಡು ಏರಿಕೆಗಳ ನಡುವಿನ ಅಂತರವನ್ನು ಸ್ಕೇಲ್ ಇಟ್ಟು ಅಳೆಯಿರಿ. ಆಮೇಲೆ ಸ್ಫೋಟ ಸೂರ್ಯನ ಪೂರ್ವದಲ್ಲಿ ಆಗಿತ್ತೋ ಪಶ್ಚಿಮದಲ್ಲೋ ಎಂದು ಹುಡುಕಿ ನೋಡಿ.